ಸೋಮವ್ವ ಅಳಿಸಿದ ಎರಡನೇ ಹೆಸರು

ನಮ್ಮ ಬಿಲ್ಡಿಂಗಿನ ಸೋಮವ್ವ ಕಾಕು ಜೀವಮಾನದಲ್ಲಿ ಯಾರಿಗೂ ‘ತಪ್ಪಾತು’ ಅಂದವಳಲ್ಲ. ಆ ಮಾತಿನ ಬದಲು ಆಕೆ ರೊಟ್ಟಿ ಕಳಿಸುತ್ತಾಳೆ. ನೀರಿನ ಟಾಕಿಯ ವಿಷಯಕ್ಕೋ ಮೆಟ್ಟಿಲ ಮೇಲೆ ಬಿಟ್ಟ ಚಪ್ಪಲಿಯ ವಿಷಯಕ್ಕೋ ಬಾಯಿ ಮಾಡಿದ ಮರುದಿನ, ಬೈಸಿಕೊಂಡವರ ಬಾಗಿಲಿಗೆ ಒಂದು ಸ್ಟೀಲ್ ಡಬ್ಬಿ ಬರುತ್ತದೆ. ಒಳಗೆ ಬಿಸಿ ಜೋಳದ ರೊಟ್ಟಿ, ಪಕ್ಕದಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಹಿಂಡಿ ಇಲ್ಲದಿದ್ದರೆ ಅದು ಬರೀ ರೊಟ್ಟಿ. ಹಿಂಡಿ ಇದ್ದರೆ ಕ್ಷಮಾಪಣೆ. ನಮ್ಮ ಮಹಡಿಯಲ್ಲಿ ಈ ಭಾಷೆ ತಿಳಿಯದವರಿಲ್ಲ. ಎದುರು ಮನೆಯ ಮರಾಠಿ ಆಜಿ ಕೂಡ ಮುಚ್ಚಳ ತೆಗೆದು, ಹಿಂಡಿ ಕಂಡರೆ, “ಚಲಾ, ಸಮಜ್ಲಂ ತಿಲಾ”, ಅಂತೂ ಆಕೆಗೆ ತಿಳಿಯಿತು, ಎಂದು ಡಬ್ಬಿ ಒಳಗಿಟ್ಟುಕೊಳ್ಳುತ್ತಾಳೆ.

ಕಾಕು ಇಂಡಿ ತಾಲೂಕಿನವಳು. ಮದುವೆಯಾಗಿ ಮುಂಬಯಿಯ ಭಾಂಡುಪಿಗೆ ಬಂದಾಗ ಗಂಡ ಕಾಶಪ್ಪ ಇಲ್ಲಿಯ ಒಂದು ಕಾರ್ಖಾನೆಯಲ್ಲಿದ್ದ. ಕಾರ್ಖಾನೆ ಮುಚ್ಚಿತು. ಕಾಶಪ್ಪ ಮುಲುಂಡಿನ ಒಂದು ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಆಗಿ ಕೂತ, ಈಕೆ ಅದೇ ಸೊಸೈಟಿಯ ಮನೆಗಳಿಗೆ ರೊಟ್ಟಿ ಬಡಿದು ಕೊಡತೊಡಗಿದಳು. ಬೆಳಿಗ್ಗೆ ನಮ್ಮ ಮನೆಯಲ್ಲಿ ಅಲಾರಾಂ ಬೇಕಿಲ್ಲ. ಗೋಡೆಯಾಚೆ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ, ಅದರ ಮೇಲೆ ಆಕೆಯ ಭಜನೆ. ಅಂಗೈಯೇ ತಾಳ. ರೊಟ್ಟಿ ಅಗಲವಾದ ಹಾಗೆ ಹಾಡೂ ಏರುತ್ತದೆ.

ಹೀಗೆ ಗೋಡೆಗಳಾಚೆ ಹಾಡಿಕೊಂಡಿದ್ದ ಹೆಂಗಸರನ್ನೆಲ್ಲ ಕೂಡಿಸಿ ಆಕೆ ಒಂದು ಭಜನಾ ಮೇಳ ಕಟ್ಟಿದ್ದಾಳೆ. ಆಕೆ ಎತ್ತಿದ ಸಾಲನ್ನು ಹಿಂದಿನಿಂದ ಹಿಡಿಯುವವಳು ಮಹಾದೇವಿ. ಅದೇ ತಾಲೂಕಿನವಳು, ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ, ಗುಡ್ಡದ ಚಾಳಿನಲ್ಲಿ ಮನೆ. ಇಬ್ಬರೂ ಬಹಳ ಕಾಲದ ಗೆಳತಿಯರು, ಅಂದರೆ ವಾರಕ್ಕೊಮ್ಮೆಯಾದರೂ ಜಗಳವಾಡುವವರು.

ಇನ್ನು ನಾನು, ನವೀನ. ಮುಲುಂಡಿನ ಸಣ್ಣ ಕಂಪನಿಯೊಂದರಲ್ಲಿ ಜಾವಾ ಕೋಡ್ ಬರೆಯುತ್ತೇನೆ. ಬರೆಯುತ್ತೇನೆ ಎಂದರೆ, ಹಿಂದಿನವರು ಬರೆದಿಟ್ಟದ್ದನ್ನು ಕೆಡದಂತೆ ಅತ್ತಿತ್ತ ಸರಿಸುತ್ತೇನೆ. ಸಾಂತಾಕ್ರೂಜಿನ ಕನ್ನಡ ಕೂಟದವರು ಭಜನಾ ಸ್ಪರ್ಧೆ ಇಟ್ಟುಕೊಂಡಾಗ, ನೋಂದಣಿಯ ವೆಬ್‌ಸೈಟ್ ನಾನೇ ಮಾಡಿಕೊಡುತ್ತೇನೆಂದು ಎದೆ ಮುಂದೆ ಮಾಡಿದೆ. ಗೂಗಲ್ ಫಾರ್ಮಿನಲ್ಲಿ ಚಹಾ ಆರುವಷ್ಟರಲ್ಲಿ ಮುಗಿಯುವ ಕೆಲಸ. ಆದರೆ ಅದರಲ್ಲಿ ನನ್ನ ಹೆಸರು ಎಲ್ಲಿ ಹಾಕುವುದು? ನಾಲ್ಕು ಭಾನುವಾರ ಕೂತು ಜಾವಾದಲ್ಲೇ ಕಟ್ಟಿದೆ. ಮೇಳದ ಒಬ್ಬೊಬ್ಬರಿಗೂ ಒಂದೊಂದು ಸಾಲು. ‘ಇನ್ನೊಬ್ಬರನ್ನು ಸೇರಿಸಿ’ ಒತ್ತಿದರೆ ಹೊಸ ಸಾಲು ಮೂಡುತ್ತದೆ. ಸಾಲಿನ ತುದಿಯ ಕೆಂಪು ಗುಣಿಸು ಗುರುತು ಒತ್ತಿದರೆ ಆ ಹೆಸರು ಮಾಯ. ಪುಟದ ಕೆಳಗೆ, ಸ್ವಲ್ಪ ದೊಡ್ಡ ಅಕ್ಷರದಲ್ಲೇ, ‘ರಚನೆ: ನವೀನ’.

ಕಾಕುವಿನ ಮೇಳದ ಹೆಸರುಗಳನ್ನು ನಮ್ಮ ಮನೆಯಲ್ಲೇ ಕೂತು ತುಂಬಿದೆವು. ಮೊದಲು ಸೋಮವ್ವ, ಎರಡನೆಯದು ಮಹಾದೇವಿ, ಆಮೇಲೆ ಉಳಿದ ಆರು ಮಂದಿ. ಆರಕ್ಕಿಂತ ಕಡಿಮೆ ಜನರ ಮೇಳಕ್ಕೆ ಪ್ರವೇಶವಿಲ್ಲ ಎಂಬುದು ಕೂಟದ ನಿಯಮ. ಯಾವ ತೊಂದರೆಯೂ ಇರಲಿಲ್ಲ.

ತೊಂದರೆ ಬಂದದ್ದು ಆ ವಾರದ ತಾಲೀಮಿನಲ್ಲಿ. ಎಲ್ಲರೆದುರು ಮಹಾದೇವಿ ಅಂದುಬಿಟ್ಟಳಂತೆ: “ಸೋಮವ್ವಾ, ಮ್ಯಾಲಿನ ಸ್ವರದಾಗ ನಿನ್ನ ಧ್ವನಿ ಒಡ್ಯಾಕತ್ತೈತಿ. ಈ ಸಲ ಬ್ಯಾರೆಯವರು ಎತ್ತಲಿ.”

ಮರುದಿನ ಸಂಜೆ ಕಾಕು ಕೈಗೆ ಹತ್ತಿದ ಹಿಟ್ಟನ್ನೂ ತೊಳೆಯದೆ ಬಂದಳು.

“ಆ ನಿನ್ನ ಫಾರ್ಮು ತಗಿ. ಆಕಿನ್ನ ಅಳಸ್ಬೇಕು.”

“ಯಾರ್ನ ಕಾಕು?”

“ನನ್ನ ಗಂಟಲಿನ ಡಾಕ್ಟರಿಣಿನ್ನ!”

ಆ ಕ್ಷಣ ಒಬ್ಬ ಒಳ್ಳೆಯ ಹುಡುಗ, ‘ಸಿಟ್ಟಿನಾಗ ಬ್ಯಾಡ ಕಾಕು, ನಾಳೆ ನೋಡೋಣ’ ಅನ್ನುತ್ತಿದ್ದ. ನಾನು, “ಈ ಕೆಂಪು ಗುರುತು ಒತ್ತು, ಭಾಳ ಸರಳ ಐತಿ” ಅಂದೆ. ಜಗಳಕ್ಕಿಂತ ನನ್ನ ಬಟನ್ ಮೇಲೆಯೇ ನನಗೆ ಪ್ರೀತಿ ಹೆಚ್ಚು. ಕಾಕು ಒತ್ತಿದಳು. ಮಹಾದೇವಿ ಮಾಯವಾದಳು. ಉಳಿದ ಏಳು ಹೆಸರು ಪರದೆಯ ಮೇಲೆ ಅಚ್ಚುಕಟ್ಟಾಗಿ ನಿಂತಿದ್ದವು. ಸಲ್ಲಿಸಿದೆವು. ‘ಧನ್ಯವಾದಗಳು’ ಎಂದು ಬಂತು.

ನೋಂದಣಿ ಮುಗಿದ ಮೇಲೆ ಕೂಟದ ಕಾರ್ಯದರ್ಶಿ ಸುಕೇಶ್ ಫೋನ್ ಮಾಡಿದರು. ಉಡುಪಿ ಕಡೆಯವರು, ಹೋಟೆಲಿನ ಮ್ಯಾನೇಜರು.

“ಎಂತ ಮಾರಾಯ, ಭಾಂಡುಪಿನ ಮೇಳದಲ್ಲಿ ಸೋಮವ್ವ ಒಬ್ಬರೇ ಉಂಟು. ಒಬ್ಬರೇ ಭಜನೆ, ಒಬ್ಬರೇ ತಾಳವಾ? ನಿನ್ನ ಸಿಸ್ಟಮಿನದ್ದು ಏನಾದ್ರೂ ಪ್ರಾಬ್ಲಮ್ಮಾ?”

ನಾನು ಆಫೀಸಿನಲ್ಲಿದ್ದೆ, ಪಕ್ಕದಲ್ಲಿ ನನ್ನ ಮೇಲಧಿಕಾರಿ ನಿಂತಿದ್ದ. ಅದನ್ನು ನೆಪ ಮಾಡಿಕೊಳ್ಳಬಹುದು. ನಿಜ ಹೇಳಬೇಕೆಂದರೆ, ಯಾರೂ ನಿಂತಿರದಿದ್ದರೂ ನನ್ನ ಬಾಯಿಂದ ಅದೇ ಮಾತು ಬರುತ್ತಿತ್ತು. ಬೆಂಕಿಗೆ ಕೈ ತಾಗಿದರೆ ಕೈ ತಾನೇ ಹಿಂದೆ ಬರುವ ಹಾಗೆ, ಈ ಕೆಲಸಕ್ಕೆ ಸೇರಿದವರ ನಾಲಿಗೆಗೂ ಒಂದು ಅಭ್ಯಾಸವಿದೆ.

“ಸಿಸ್ಟಮ್ ಸರಿ ಇದೆ ಸರ್. ಅವರೇ ಅಳಿಸಿರಬೇಕು.”

“ಹಾಗಾ? ಸರಿ, ಅವರಿಗೇ ಹೇಳ್ತೇನೆ.”

ಹೇಳಿದರು. ಆ ಸಂಜೆ ಮನೆಗೆ ಬಂದರೆ ಗೋಡೆಯಾಚೆ ಸದ್ದೇ ಇಲ್ಲ. ಕಾಕು ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಅವ್ವ ಹೇಳಿದಳು: “ಸುಮ್ನ ಕುಂತಾಳಪಾ. ನಾನ ಅಳಸೇನಿ, ನಾನ ಅಳಸೇನಿ ಅಂತಾಳ. ಸುದ್ದಿ ಮಹಾದೇವಿಗೂ ಮುಟ್ಟೇತಿ.”

ಮರುದಿನ ಊಟದ ಬಿಡುವಿನಲ್ಲಿ ಡಬ್ಬಿಯನ್ನೂ ಬಿಚ್ಚದೆ ನನ್ನ ಕೋಡ್ ತೆರೆದೆ. ಸಾಲುಗಳಿಗೆ ನಾನು ನಂಬರು ಕೊಟ್ಟಿದ್ದೆ. ನಡುವಿನ ಒಂದನ್ನು ಅಳಿಸಿದಾಗ ಪರದೆಯ ಮೇಲೆ ಉಳಿದವು ಒತ್ತಿಕೊಂಡು ನಿಲ್ಲುತ್ತವೆ, ಆದರೆ ಅವುಗಳ ನಂಬರು ಹಳೆಯದೇ. ಹಾಗಾಗಿ ಆಚೆ ಸರ್ವರ್ ಕಂಪ್ಯೂಟರಿಗೆ ತಲುಪುವ ಪಟ್ಟಿಯಲ್ಲಿ ಎರಡನೆಯ ಜಾಗ ಖಾಲಿ ಬಿದ್ದಿರುತ್ತದೆ. ಕೆಲವರು ಸುಮ್ಮನೆ ಹೊಸ ಸಾಲು ಒತ್ತಿ ಕೊನೆಯಲ್ಲಿ ಖಾಲಿ ಬಿಡುತ್ತಾರಲ್ಲ, ಅವರಿಗೆಂದು ನಾನು ಬರೆದಿಟ್ಟಿದ್ದೆ: ಖಾಲಿ ಜಾಗ ಕಂಡರೆ ಪಟ್ಟಿ ಮುಗಿಯಿತು, ನಿಲ್ಲು. ಎರಡನೆಯ ಮನೆಗೆ ಬೀಗ ಕಂಡು, ಮುಂದೆ ಬೀದಿಯೇ ಇಲ್ಲ ಎಂದು ತಿರುಗಿ ಹೋಗುವ ಪೋಸ್ಟ್‌ಮನ್‌ನ ಹಾಗೆ ನನ್ನ ಕೋಡ್ ಸೋಮವ್ವನನ್ನು ಬರೆದುಕೊಂಡು ವಾಪಸಾಗಿತ್ತು. ಕೊನೆಯ ಹೆಸರು ಅಳಿಸಿ ನೋಡಿದ್ದೆ, ನಡುವಿನದನ್ನು ನೋಡಿರಲಿಲ್ಲ. ಬೇರೆ ಮೇಳಗಳಲ್ಲಿ ಜಗಳವೇ ಆಗಿರಲಿಲ್ಲವೋ, ಆಗಿದ್ದರೂ ಕೊನೆಯವರ ಜೊತೆಗೇ ಆಗಿತ್ತೋ, ಅವರೆಲ್ಲ ಬಚಾವಾಗಿದ್ದರು.

‘ನಿಲ್ಲು’ ಎಂಬುದನ್ನು ‘ದಾಟಿ ಹೋಗು’ ಎಂದು ತಿದ್ದಿದೆ. ಕೋಡಿನಲ್ಲಿ ಅದು ಒಂದೇ ಪದ. ಸುಕೇಶ್ ಅವರಿಗೆ ಫೋನ್ ಮಾಡಿ, “ಒಂದು ಅಪ್‌ಡೇಟ್ ಹಾಕಿದ್ದೇನೆ ಸರ್. ಅವರಿಗೆ ಮತ್ತೆ ತುಂಬಲು ಅವಕಾಶ ಕೊಡಿ” ಅಂದೆ. ಅಪ್‌ಡೇಟ್! ತಪ್ಪಿಗೆ ಇಸ್ತ್ರಿ ಮಾಡಿದರೆ ಈ ಪದವಾಗುತ್ತದೆ.

“ಕೊಡುವ, ಕೊಡುವ. ಬೇರೆಯವರ ತಪ್ಪಿಗೆ ಊಟ ಬಿಟ್ಟು ಕೆಲಸ ಮಾಡ್ತೀಯಲ್ಲ, ನಿನ್ನಂಥ ಹುಡುಗರು ಬೇಕು ಮಾರಾಯ” ಅಂದರು. ಅಂದು ಡಬ್ಬಿ ಬಿಚ್ಚಲು ಮನಸ್ಸಾಗಲಿಲ್ಲ.

ಕಾಕುವಿಗೆ ಎಲ್ಲ ಹೇಳಿಬಿಡಬೇಕೆಂದು ಲೋಕಲ್ ರೈಲಿನಲ್ಲಿ ಮಾತು ಜೋಡಿಸಿಕೊಂಡೇ ಬಂದೆ. ಆಕೆ ಸ್ಟೀಲ್ ಡಬ್ಬಿ ಎದುರಿಟ್ಟುಕೊಂಡು ಕೂತಿದ್ದಳು.

“ಮಹಾದೇವಿಗೆ ಕಳಿಸಿದ್ದೆ. ಮುಚ್ಚಳ ಸೈತ ತಗೀಲಾರದ ವಾಪಸ್ ಕಳಿಸ್ಯಾಳ.”

“ಕಾಕು, ಆ ಫಾರ್ಮು...”

“ಗೊತ್ತೈತಿ. ನಾ ಅಳಿಸಿದ್ದು ಆಕಿ ಒಬ್ಬಾಕಿನ್ನ. ದೇವರು ಎಲ್ಲಾರ್ನೂ ತಗದು ನನ್ನೊಬ್ಬಾಕಿನ್ನ ಬಿಟ್ಟಾನ. ಹಾಡು, ಒಬ್ಬಾಕಿನ ಹಾಡು ಅಂತ.” ಎದ್ದು ಸೆರಗು ಸರಿ ಮಾಡಿಕೊಂಡಳು. “ಬಾ, ಆಕಿ ಮನಿಗೆ ಹೋಗೂಣು. ರೊಟ್ಟಿ ಒಲ್ಲೆ ಅಂದ್ರ ಬಾಯಿಲೆ ಹೇಳ್ತೀನಿ.”

ಬಾಯಿಂದ! ಆಕೆ ದೇವರ ಲೆಕ್ಕಕ್ಕೆ ಬರೆದ ನನ್ನ ಎಡವಟ್ಟನ್ನು ಈಗ ಬಿಚ್ಚಿಟ್ಟರೆ, ಕಾಕು ಮತ್ತೆ ಕೂತುಬಿಡುತ್ತಾಳೆ. ಕೂತರೆ ಆ ಇಬ್ಬರು ಒಂದಾಗುವುದಿಲ್ಲ. ಆದ್ದರಿಂದ ಸುಮ್ಮನಿರುವುದೇ ಒಳ್ಳೆಯದು ಎಂದುಕೊಂಡೆ. ಹೇಡಿತನಕ್ಕೆ ಇಷ್ಟು ಬೇಗ ಇಷ್ಟು ಒಳ್ಳೆಯ ಕಾರಣ ಸಿಕ್ಕಿದ್ದು ನನಗೇ ಆಶ್ಚರ್ಯ.

ಗುಡ್ಡದ ಮೆಟ್ಟಿಲು ಹತ್ತುತ್ತ ಆಕೆ ಏನೋ ಗುನುಗುತ್ತಿದ್ದಳು. ಭಜನೆ ಇರಬೇಕು ಎಂದುಕೊಂಡೆ. ಹತ್ತಿರ ಹೋಗಿ ಕೇಳಿದರೆ, ‘ತಪ್ಪಾತು, ತಪ್ಪಾತು’ ಎಂದು ಬಾಯಿಗೆ ರೂಢಿ ಮಾಡಿಕೊಳ್ಳುತ್ತಿದ್ದಳು.

ಮಹಾದೇವಿ ಬಾಗಿಲಲ್ಲೇ ನಿಂತಳು, ಡ್ಯೂಟಿಯ ಸೀರೆಯನ್ನೂ ಬದಲಿಸಿರಲಿಲ್ಲ.

“ಏನವಾ, ಗುಡ್ಡ ಹತ್ತಿ ಬಂದೀದಿ? ಅಳಸೂದು ಇನ್ನೇನರ ಉಳದೈತೇನು?”

ಕಾಕು ನೆಲ ನೋಡುತ್ತ, “ತಪ್ಪಾತು” ಅಂದಳು.

“ಏನಂದಿ? ನಳದ ಸಪ್ಪಳದಾಗ ಕೇಳಿಸ್ಲಿಲ್ಲ.”

“ತಪ್ಪಾತು ಅಂದೆ! ಕಿವ್ಯಾಗ ಹತ್ತಿ ಇಟ್ಕೊಂಡೀ ಏನ?”

“ಹಾಂ, ಈಗ ಸೋಮವ್ವ ಬಂದ್ಲು ನೋಡು” ಎಂದು ಮಹಾದೇವಿ ನಕ್ಕಳು. “ಒಳಗ ಬಾ. ಒಡದ ಧ್ವನಿ ಒಡದೈತಿ ಅಂದದ್ದು ತಪ್ಪಲ್ಲ, ತಿಳೀತಿಲ್ಲೋ. ಮಂದಿ ಮುಂದ ಅಂದದ್ದು ತಪ್ಪು. ಅದು ನಂದು.”

ಇಬ್ಬರ ಕಣ್ಣಲ್ಲೂ ನೀರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. “ಕಾಕು, ನೀ ಅಳಿಸಿದ್ದರಿಂದ ಉಳಿದವರು ಹೋಗಿಲ್ಲ. ನನ್ನ ಕೋಡು ತಪ್ಪಿತ್ತು. ಖಾಲಿ ಜಾಗ ಕಂಡ್ರ ನಿಲ್ಲು ಅಂತ ನಾನ ಬರೆದಿದ್ದೆ” ಎಂದು ಒಂದೇ ಉಸಿರಿನಲ್ಲಿ ಒದರಿದೆ.

ಇಬ್ಬರೂ ನನ್ನನ್ನು ನೋಡಿದರು. ಕಾಕು ನನ್ನ ಗದ್ದ ಮುಟ್ಟಿ ಲಟಿಕೆ ಮುರಿದಳು.

“ನೋಡಿದೇನ ಮಹಾದೇವಿ, ನನ್ನ ಮಾನ ಉಳಸಾಕ ತಾನ ತಪ್ಪು ಮಾಡೇನಿ ಅಂತೈತಿ ಕೂಸು.”

“ಬಂಗಾರದಂಥಾ ಹುಡುಗ” ಅಂದಳು ಮಹಾದೇವಿ.

“ಖರೇ ಹೇಳಾಕತ್ತೇನಿ ಕಾಕು!”

“ಸುಮ್ನಿರಪಾ. ಒತ್ತಿದ್ದು ನನ್ನ ಬಟ್ಟು, ನಾನ ನೋಡೇನಲ್ಲ.”

ಅಲ್ಲೇ ನನ್ನ ಫೋನಿನಲ್ಲಿ ಮತ್ತೆ ಹೆಸರು ತುಂಬಿದೆವು. ಕಾಕು, “ಮದಲನೇದು ಆಕಿದು ಬರಿ” ಅಂದಳು. ಮಹಾದೇವಿ ಒಪ್ಪಲಿಲ್ಲ: “ನಾ ಎರಡನೇದಾಗ ಇರ್ತೀನಿ. ನಿನ್ನ ಧ್ವನಿ ಒಡದಾಗ ಹಿಂದಿಂದ ಹಿಡ್ಯಾಕ ಯಾರರ ಬೇಕಲ್ಲ.”

ಸ್ಪರ್ಧೆಯ ದಿನ ಸಾಂತಾಕ್ರೂಜಿನ ಸಭಾಂಗಣದಲ್ಲಿ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಸುಕೇಶ್ ಮೈಕಿನಲ್ಲಿ, “ಈಗ ಭಾಂಡುಪಿನ ಮೇಳ. ತಮ್ಮ ಹೆಸರನ್ನು ತಾವೇ ಅಳಿಸಿಕೊಂಡು ನಮಗೆಲ್ಲ ಟೆನ್ಶನ್ ಕೊಟ್ಟವರು ಇವರೇ!” ಅಂದರು. ಸಭೆ ನಕ್ಕಿತು. ಕಾಕು ತಲೆ ತಗ್ಗಿಸಿಕೊಂಡು ತಾನೂ ನಕ್ಕಳು. ಎದ್ದು ನಿಂತು, ‘ಅಳಿಸಿದವನು ನಾನು’ ಅನ್ನಬೇಕಿತ್ತು. ನಾನು ಬಗ್ಗಿ ಶೂ ಲೇಸು ಕಟ್ಟಿಕೊಂಡೆ. ಅಂದು ಹಾಕಿಕೊಂಡು ಹೋಗಿದ್ದದ್ದು ಚಪ್ಪಲಿ ಎಂಬುದು ಆಮೇಲೆ ನೆನಪಾಯಿತು.

ಮೇಲಿನ ಸ್ವರದಲ್ಲಿ ಕಾಕುವಿನ ಧ್ವನಿ ಒಡೆಯಿತು. ಅದು ನೆಲಕ್ಕೆ ಬೀಳುವ ಮೊದಲೇ ಮಹಾದೇವಿ ಎತ್ತಿಕೊಂಡಳು. ಬಹುಮಾನ ಬರಲಿಲ್ಲ. ಇಬ್ಬರೂ ತೀರ್ಪುಗಾರರನ್ನು ಬೈಯುತ್ತ ಭಾಂಡುಪಿನವರೆಗೂ ಒಂದೇ ಸೀಟಿನಲ್ಲಿ ಕೂತು ಬಂದರು.

ಮರುದಿನ ಬೆಳಿಗ್ಗೆ ನಮ್ಮ ಬಾಗಿಲಿಗೆ ಸ್ಟೀಲ್ ಡಬ್ಬಿ ಬಂತು. ಮುಚ್ಚಳ ತೆಗೆದರೆ ಶೇಂಗಾ ಹಿಂಡಿ. ಅವ್ವ ಗಾಬರಿಯಾದಳು.

“ಸೋಮವ್ವ ನಿನಗೇನು ತಪ್ಪು ಮಾಡ್ಯಾಳೋ?”

ಡಬ್ಬಿ ತಂದ ಕಾಶಪ್ಪ ಕಾಕಾ ಬಾಗಿಲಲ್ಲೇ ಹೇಳಿದರು: “ನವೀನ್ಯಾನ ಫಾರ್ಮ ಸರಿ ಇಲ್ಲ ಅಂತ ಮನಸ್ಸಿನಾಗ ಒಂದ ದಿನ ಬೈದಿದ್ಲಂತ. ಅದಕ್ಕ.”

ಆ ರೊಟ್ಟಿಯನ್ನು ಅವ್ವನ ತಟ್ಟೆಗೆ ಸರಿಸಿದೆ. ಡಬ್ಬಿ ಖಾಲಿ ವಾಪಸ್ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ಆಫೀಸಿಗೆ ಹೊಟ್ಟೆನೋವು ಎಂದು ಮೆಸೇಜ್ ಹಾಕಿದೆ, ಒಂದು ರೀತಿಯಲ್ಲಿ ಅದು ನಿಜವೇ. ಅವ್ವನನ್ನು ಅಡುಗೆಮನೆಯಿಂದ ಹೊರಗೆ ಕಳಿಸಿ ಜೋಳದ ಹಿಟ್ಟು ಕಲೆಸಿದೆ. ಮೊದಲನೆಯದು ತವೆಗೆ ಎತ್ತುವಾಗಲೇ ಹರಿಯಿತು. ಎರಡನೆಯದು ಸುಟ್ಟಿತು. ಮೂರನೆಯದು ಯಾವ ಆಕಾರಕ್ಕೂ ಸೇರದಿದ್ದರೂ ಒಂದು ತುಂಡಾಗಿಯೇ ಉಳಿಯಿತು. ಅದನ್ನು ಡಬ್ಬಿಯಲ್ಲಿಟ್ಟು, ಪಕ್ಕದಲ್ಲಿ ಅವ್ವನ ಡಬರಿಯಿಂದ ಕದ್ದ ಶೇಂಗಾ ಹಿಂಡಿ ಹಾಕಿ, ಕಾಕುವಿನ ಹೊಸ್ತಿಲಲ್ಲಿಟ್ಟು ಬಂದೆ.

ಸ್ವಲ್ಪ ಹೊತ್ತಿಗೆ ಆಕೆ ತೆರೆದ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಮುಖದಲ್ಲಿ ನಗು ಇರಲಿಲ್ಲ.

“ಹಿಂಡಿ ಹಾಕೀದಿ.”

“ಹೂಂ.”

“ಅಂದ್ರ ಅವತ್ತ ಆಕಿ ಮನಿಯಾಗ ಅಂದದ್ದು ಖರೇ?”

“ಖರೇ ಕಾಕು.”

ಕಾಕು ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟಳು. “ಮೈಕಿನಾಗ ಅಷ್ಟು ಮಂದಿ ಮುಂದ ನಗಿಸಿಕೊಂಡೆನಲ್ಲೋ. ನೀ ಅಲ್ಲೇ ಕುಂತಿದ್ದಿ.”

“ಕುಂತಿದ್ದೆ.”

“ಹಚ್ಚು ಆ ಸುಕೇಶಗ ಫೋನು. ನನ್ನ ಮುಂದ ಹಚ್ಚು.”

ಹಚ್ಚಿದೆ, ಹೇಳಿದೆ. ಸುಕೇಶ್, “ಛೆ, ನಾನು ಮೈಕಲ್ಲಿ ಹೇಳಿಬಿಟ್ಟೆನಲ್ಲ ಮಾರಾಯ. ಅವರಿಗೆ ಫೋನ್ ಕೊಡು” ಅಂದರು. ಕಾಕು ಫೋನ್ ಮುಟ್ಟಲಿಲ್ಲ. “ಮೈಕಿನಾಗ ಅಂದದ್ದು ಮೈಕಿನಾಗನ ತಗೀಲಿ ಅಂತ ಹೇಳು” ಅಂದಳು. ಹೇಳಿದೆ.

ಆಮೇಲೆ ಹೊಸ್ತಿಲ ಮೇಲೇ ಕೂತು ನನ್ನ ರೊಟ್ಟಿಯ ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಅಗಿದಳು. ತಡೆದು ತಡೆದು ಅಗಿದಳು.

“ಮಹಾದೇವಿಗೆ ಇದು ಹೇಳಬ್ಯಾಡ. ನನ್ನ ತಪ್ಪಾತು ವಾಪಸ್ ಕೊಟ್ಟಗಿಟ್ಟಾಳು. ಆಕಿನ್ನ ಅಳಿಸಿದ್ದಂತೂ ನಾನ ಹೌದಲ್ಲ.”

“ಇಲ್ಲ ಕಾಕು, ಹೇಳಾಂಗಿಲ್ಲ.”

ಉಳಿದದ್ದನ್ನೂ ಮುಗಿಸಿ, ಎದ್ದು ನಿಂತು ಖಾಲಿ ಡಬ್ಬಿಯನ್ನು ನನ್ನ ಕೈಗೇ ತುರುಕಿದಳು.

“ಹಿಟ್ಟು ನಾದೇ ಇಲ್ಲ, ಕಲ್ಲಾಗೇತಿ. ಇಷ್ಟು ದೊಡ್ಡ ತಪ್ಪಿಗೆ ಇದೊಂದು ರೊಟ್ಟಿ ಸಾಲಾಂಗಿಲ್ಲ. ನಾಳಿ ಮತ್ತ ತಗೊಂಬಾ.”