ಮುಯ್ಯಾಳು ಕೇಳಿದರೆ ರಾಗಿ ಕೊಟ್ಟ ಧರ್ಮಾತ್ಮ

ನಮ್ಮ ಕಡೆ ಒಬ್ಬನಿಗೆ ಧರ್ಮಾತ್ಮ ಅನ್ನುವ ಹೆಸರು ಬೀಳುವುದು ಎಷ್ಟು ಸುಲಭ ಅಂತ ನನ್ನನ್ನು ಕೇಳಿ. ಐವತ್ತರ ದಶಕದ ಕೊನೆಯಲ್ಲಿ, ಮಲ್ಲಿಪಟ್ಟಣದ ಹತ್ತಿರ ನಮ್ಮೂರಿನಲ್ಲಿ, ಆ ಹೆಸರು ಪಡೆದಿದ್ದವನು ನನ್ನ ಅಪ್ಪನ ದೊಡ್ಡಪ್ಪನ ಮಗ. ಶಾಲೆಗೆ ಬೆಂಚು ಮಾಡಿಸಿಕೊಟ್ಟು, ಅರಕಲಗೂಡಿನ ಸಭೆಯಲ್ಲಿ ಮಹಾದಾನಿ ಅಂತ ಹಾರ ಹಾಕಿಸಿಕೊಂಡು ಬಂದಿದ್ದ. ಅಪ್ಪ ಸತ್ತ ವರ್ಷ ಅವನ ಧರ್ಮ ನಮ್ಮ ಮನೆಗೂ ಬಂತು.

ಆ ಸಲ ಅವ್ವನೂ ನಾನೂ ಅವನ ಗದ್ದೆಗೆ ಮುಯ್ಯಾಳಾಗಿ ಹೋಗಿದ್ದೆವು. ಮುಯ್ಯಾಳು ಅಂದರೆ ಕೂಲಿಯಿಲ್ಲ. ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಸೊಂಟ ಬಿದ್ದುಹೋಗುವಷ್ಟು ಬಗ್ಗಿ ನಾಟಿ ಮಾಡಿದೆವು. ನಮ್ಮ ಸರದಿ ಬಂದಾಗ ಅವನ ಮನೆಯಿಂದ ಒಂದು ನರಪಿಳ್ಳೆಯೂ ಬರಲಿಲ್ಲ. ಬಂದದ್ದು ಒಂದು ಕುಕ್ಕೆ ರಾಗಿ. ಗಂಡ ಸತ್ತವಳು, ಉಂಡುಕೊಳ್ಳಲಿ ಅಂತ ಯಜಮಾನರು ಕೊಟ್ಟಿದ್ದಾರೆ ಎಂದು ಹೊತ್ತು ತಂದವನು ಬೀದಿಗೆಲ್ಲ ಕೇಳುವ ಹಾಗೆ ಹೇಳಿದ. ಎದುರು ಮನೆಯವರು ಪುಣ್ಯಾತ್ಮ ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು.

ಸಸಿ ಬೆಳೆಸುವ ಒಟ್ಲುಪಾತಿಯಲ್ಲಿ ನಮ್ಮ ಪೈರು ಬಲಿಯುತ್ತಿತ್ತು. ಇನ್ನು ತಡವಾದರೆ ಕಿತ್ತು ನೆಟ್ಟರೂ ಪ್ರಯೋಜನವಿಲ್ಲ, ನಮಗಿದ್ದದ್ದು ಅದೊಂದೇ ಗದ್ದೆ. ಅವ್ವ ಕುಕ್ಕೆ ಹೊತ್ತುಕೊಂಡು ಹೋಗಿ, ಊರ ದೊಡ್ಡವರು ಕೂತಿರುವಾಗಲೇ ಅವನ ಜಗಲಿಯ ಮೇಲೆ ಇಳಿಸಿದಳು.

"ರಾಗಿ ಬ್ಯಾಡ ಬಾವ, ಆಳು ಕಳ್ಸಿ."

"ಕೊಟ್ಟುದ್ದ ಇಸ್ಕೊಂಡು ಸುಮ್ಕಿರವ್ವ. ನಾನೇನು ವಾಪಸ್ ಕೇಳುದ್ನಾ?"

ಕೂತವರು ಮೆಚ್ಚಿ ತಲೆಯಾಡಿಸಿದರು. ಥೂ, ಗೋವು ಕೊಂದು ಕೆರ ದಾನ ಮಾಡಿದ ಅನ್ನುವ ಗಾದೆ ಒಬ್ಬರ ಬಾಯಿಗೂ ಬರಲಿಲ್ಲ. ಅವ್ವ ಕುಕ್ಕೆಯನ್ನು ಅಲ್ಲೇ ಬಿಟ್ಟು ಬಂದಳು. ಆಳು ಬರಲಿಲ್ಲ. ಮಿಕ್ಕವರೆಲ್ಲ ತಮ್ಮ ತಮ್ಮ ನಾಟಿಯಲ್ಲಿದ್ದರು. ನಾವಿಬ್ಬರೇ ಅರ್ಧ ಗದ್ದೆ ನೆಟ್ಟೆವು. ಉಳಿದ ಪೈರು ಪಾತಿಯಲ್ಲೇ ಬಲಿತು ಗೆಣ್ಣು ಬಿಟ್ಟು, ದನದ ಬಾಯಿಗೆ ಹೋಯಿತು. ಅವನು ಧರ್ಮಾತ್ಮನಾಗಿಯೇ ಉಳಿದ, ಅವ್ವ ಸೊಕ್ಕಿನವಳಾದಳು. ಕೊಟ್ಟವರು ಯಾರು ಸ್ವಾಮಿ, ಇಸ್ಕೊಂಡವನು ಯಾರು?

ಮುಂದಿನ ವರ್ಷ ನಾಟಿಯ ಹೊತ್ತಿಗೆ ಅವನೇ ನಮ್ಮ ಬಾಗಿಲಿಗೆ ಬಂದ. ಆಳು ಸಾಲುತ್ತಿಲ್ಲ, ತಾಯಿ ಮಗಳು ಬಂದುಬಿಡಿ, ಮನೆಯವರೇ ಅಲ್ಲವಾ ಅಂದ. ಅವ್ವ ಹೊಸಿಲು ದಾಟಲಿಲ್ಲ, ಅವನನ್ನು ಕೂತುಕೊಳ್ಳಿ ಅನ್ನಲೂ ಇಲ್ಲ.

"ನೆಂಟಸ್ತನಕ್ಕೆ ಬರಾಕಿಲ್ಲ ಬಾವ. ಕೂಲಿ ಮೊದ್ಲು ಮಡಗಿ, ಆಮೇಲೆ ಬತ್ತೀವಿ."

ಮಹಾದಾನಿಗಳು ಬಂದ ದಾರಿ ಹಿಡಿದರು.