ನೀಲಮ್ಮ ಬಿಸಿಬಿಸಿ ಉಂಡದ್ದು

ನೀಲಮ್ಮ ನ್ಯೂಜಿಲೆಂಡಿನ ಉದ್ದಗಲ ನೋಡಿದ್ದಾಳೆ ಎಂದು ಅವಳ ಗಂಡ ತಿಪ್ಪಣ್ಣ ಊರಿನವರಿಗೆಲ್ಲ ಫೋನಿನಲ್ಲಿ ಹೇಳಿದ್ದಾನೆ. ಸುಳ್ಳೇನಲ್ಲ. ಯಾವ ಸರೋವರದ ದಂಡೆಯ ಬೆಂಚು ಅಲುಗಾಡುತ್ತದೆ, ಯಾವ ಕಡಲತೀರದಲ್ಲಿ ಚಟ್ನಿಪುಡಿ ಗಾಳಿಗೆ ಹಾರಿ ಕಣ್ಣಿಗೆ ಬೀಳುತ್ತದೆ, ಯಾವ ಪಾರ್ಕಿಂಗಿನಲ್ಲಿ ಕೈ ತೊಳೆಯಲು ನಲ್ಲಿಯಿದೆ, ಎಲ್ಲ ಅವಳಿಗೆ ಗೊತ್ತು. ರೊಟೊರುವಾದಲ್ಲಿ ನೆಲದಿಂದ ಬಿಸಿನೀರು ಚಿಮ್ಮುವುದನ್ನು ಉಳಿದವರು ಬಾಯಿ ತೆರೆದು ನೋಡುತ್ತಿದ್ದಾಗ ಇವಳು ತಲೆ ಬಗ್ಗಿಸಿಕೊಂಡು ಎಣ್ಣೆಗಾಯಿಯ ಡಬ್ಬಿಯ ಮುಚ್ಚಳದ ಜೊತೆ ಗುದ್ದಾಡುತ್ತಿದ್ದಳು.

ತಿಪ್ಪಣ್ಣ ವೆಲ್ಲಿಂಗ್ಟನ್ನಿನ ಕಚೇರಿಯೊಂದರಲ್ಲಿ ಎಂಜಿನಿಯರ್. ಮನೆ ಅಲ್ಲೇ ಹತ್ತಿರದ ಜಾನ್ಸನ್‌ವಿಲ್ಲಿನಲ್ಲಿ, ಹುಟ್ಟೂರು ಬಾಗಲಕೋಟೆ ಕಡೆ. "ಹೊರಗಿನ ಊಟದಾಗ ಏನ ಹಾಕಿರ್ತಾರೋ ಯಾರಿಗ್ಗೊತ್ತು" ಎಂಬುದು ಅವನ ಸಿದ್ಧಾಂತ. ಸಿದ್ಧಾಂತ ಅವನದು, ಬೆಳಗಾಗುವ ಮೊದಲೇ ಎದ್ದು ಅದನ್ನು ತಟ್ಟಿ ಬೇಯಿಸಿ ಬುತ್ತಿ ಕಟ್ಟುವ ಕೆಲಸ ಅವಳದು. ಪ್ರವಾಸವೆಂದರೆ ಎಲ್ಲರಿಗೂ ವಿಶ್ರಾಂತಿ ಎಂದು ಅವನು ಮನಸಾರೆ ನಂಬಿದ್ದ. ಹಾಗೆಂದು ಅವಳಿಗೆ ಹೇಳುತ್ತಿದ್ದದ್ದು ಅಡುಗೆಮನೆಯ ಬಾಗಿಲಿಗೆ ಒರಗಿ, ಚಹಾ ಕುಡಿಯುತ್ತ.

ಮನೆಯಲ್ಲೂ ಮೊದಲ ತಾಟು ಅವನದು, ಆಮೇಲೆ ಮಗಳದು, ಆಮೇಲೆ ಬಂದವರದು. ನೀಲಮ್ಮ ಒಲೆಯ ಮುಂದೆ ನಿಂತು ಬಿಸಿ ರೊಟ್ಟಿ ಹಾಕುತ್ತಲೇ ಇರಬೇಕು. "ನೀನೂ ಕುಂಡ್ರಬಾರದೇನ?" ಎಂದು ತಿಪ್ಪಣ್ಣ ಪ್ರೀತಿಯಿಂದಲೇ ಕೇಳುತ್ತಿದ್ದ, ಕೇಳುತ್ತಲೇ ಇನ್ನೊಂದು ರೊಟ್ಟಿಗೆ ಕೈ ಚಾಚುತ್ತಿದ್ದ. "ನೀವು ಉಂಡಿಂದ ಉಳದರ ನೋಡೂಣು" ಎನ್ನುವುದು ಅವಳ ಉತ್ತರ. ಅವಳ ಅವ್ವನೂ ಅದನ್ನೇ ಹೇಳುತ್ತಿದ್ದಳು. ಹೀಗಾಗಿ ಬಿಸಿ ರೊಟ್ಟಿ ಮಾಡುವುದರಲ್ಲಿ ಎತ್ತಿದ ಕೈಯಾದ ನೀಲಮ್ಮನಿಗೆ ಅದರ ರುಚಿ ಉಂಡವರ ಹೊಗಳಿಕೆಯಿಂದಷ್ಟೇ ಗೊತ್ತು.

ಈ ಸಲ ಈಸ್ಟರ್ ರಜೆಗೆ ನೇಪಿಯರ್‌ಗೆ ಹೊರಟರು. ನೀಲಮ್ಮ ಎಂದಿನಂತೆ ಬುತ್ತಿ ಕಟ್ಟಿದಳು. ಕಟ್ಟಿದ್ದನ್ನು ಫ್ರಿಜ್ಜಿನೊಳಗಿಟ್ಟು ಬಾಗಿಲು ಹಾಕಿ, ಬಂದು ಕಾರಿನಲ್ಲಿ ಕೂತಳು. ಅವಳಿಗೆ ಬೇಕಾಗಿದ್ದದ್ದು ಇಷ್ಟೇ: ಬೇರೆ ಯಾರೋ ಮಾಡಿದ್ದನ್ನು, ಕೂತು, ಬಿಸಿಯಾಗಿರುವಾಗಲೇ ಉಣ್ಣಬೇಕು. ಒಂದೇ ಒಂದು ಊಟ. ಅಷ್ಟು ಆಸೆಗೆ ಅವಳ ಎದೆ ದಾರಿಯುದ್ದಕ್ಕೂ ಕಳ್ಳತನ ಮಾಡಿದವರ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು.

ನೇಪಿಯರ್‌ನಲ್ಲಿ ಸಮುದ್ರದ ಪಕ್ಕ ಕಾರು ನಿಲ್ಲಿಸಿ ತಿಪ್ಪಣ್ಣ ಡಿಕ್ಕಿ ತೆರೆದ.

"ಬುತ್ತಿ ಎಲ್ಲೈತಿ?"

"ಮರ್ತ ಬಿಟ್ಟೀನ್ರಿ. ಮನ್ಯಾಗ ಉಳದೈತಿ."

ಹಿಂದೊಮ್ಮೆ ಭೂಕಂಪಕ್ಕೆ ನೆಲಸಮವಾದ ಊರದು. ಆದರೆ ತಿಪ್ಪಣ್ಣನ ಮುಖ ನೋಡಿದವರು ಅಂದಿನದು ಏನೂ ಅಲ್ಲ ಎನ್ನುತ್ತಿದ್ದರು. ಇಂಡಿಯನ್ ಹೋಟೆಲ್ಲಿಗೆ ಹೋದರೆ ರಜೆಯೆಂದು ಬಾಗಿಲು ಹಾಕಿತ್ತು. ಮಗಳು ಮೇಧಾ ಇಲ್ಲೇ ಹುಟ್ಟಿದವಳು. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಅವಳು ಎದುರಿನ ಗುಲಾಬಿ ಬಣ್ಣದ, ಕ್ಯೂಬಾ ದೇಶದ ಊಟದ ಹೋಟೆಲ್ಲಿನತ್ತ ಕೈ ಮಾಡಿದಳು. "ಕ್ಯೂಬನ್, ಅಪ್ಪಾ. ರೈಸ್ ಅಂಡ್ ಬೀನ್ಸ್. ಯೂ ವಿಲ್ ಸರ್ವೈವ್."

ಒಳಗೆ ಹೂವಿನ ಚಿತ್ರದ ಪ್ಲಾಸ್ಟಿಕ್ ಹಾಸಿದ ಮೇಜುಗಳು, ಒಂದಕ್ಕೊಂದು ಸಂಬಂಧವಿಲ್ಲದ ಕುರ್ಚಿಗಳು, ಗೋಡೆಯ ತುಂಬ ಹಳೇ ಕಾರುಗಳ ಪಟಗಳು. ಬಡಿಸುವ ಹುಡುಗಿ ಬಂದಿದ್ದೇ ತಡ, ತಿಪ್ಪಣ್ಣ ವಿಚಾರಣೆ ಶುರುಮಾಡಿದ. ಮಾಂಸ ಇಲ್ಲವಷ್ಟೆ? ಮೊಟ್ಟೆ? ಮೀನು? ಕರಿಯುವ ಎಣ್ಣೆ ಬೇರೆಯಾ? ಸೌಟು ಬೇರೆಯಾ? ಹುಡುಗಿ ಪಾಪ, ನಗುನಗುತ್ತಲೇ ಅಡುಗೆಮನೆಗೆ ಹೋಗಿ ಸೌಟಿನ ಯೋಗಕ್ಷೇಮವನ್ನೂ ವಿಚಾರಿಸಿಕೊಂಡು ಬಂದಳು. ಕೊನೆಗೆ ಮೂವರಿಗೂ ಕಪ್ಪು ಕಾಳಿನ ಸಾರು, ಅನ್ನ, ಕರಿದ ಬಾಳೆಹಣ್ಣು ಎಂದು ತೀರ್ಮಾನವಾಯಿತು.

ಮೊದಲ ತಾಟು ಬಂತು. ಉಳಿದೆರಡು ಈಗ ತರುತ್ತೇನೆ ಎಂದು ಹುಡುಗಿ ಅದನ್ನು ನೀಲಮ್ಮನ ಮುಂದೆ ಇಟ್ಟು ಹೋದಳು. ಅನ್ನದ ಮೇಲೆ ಹಬೆಯಾಡುತ್ತಿತ್ತು. ಬೆಳ್ಳುಳ್ಳಿಯ ಘಮ, ಬಾಳೆಹಣ್ಣಿನ ಅಂಚಿಗೆ ಕಂದು ಬಣ್ಣ. ನೀಲಮ್ಮ ಕಣ್ತುಂಬ ನೋಡಿದಳು. ಆಮೇಲೆ ಅವಳ ಕೈ, ಅವಳನ್ನು ಒಂದು ಮಾತೂ ಕೇಳದೆ, ತಾಟನ್ನು ಗಂಡನ ಮುಂದೆ ಸರಿಸಿತು. ಗಂಡನ ಕೈ, ಅದೂ ಯಾರನ್ನೂ ಕೇಳದೆ, ಚಮಚ ಎತ್ತಿಕೊಂಡಿತು.

"ಅಪ್ಪಾ, ದಟ್ ವಾಸ್ ಅಮ್ಮಾಸ್!" ಎಂದಳು ಮೇಧಾ.

"ಅಕಿನ ಕೊಟ್ಟಾಳಲ್ಲ," ಎಂದ ತಿಪ್ಪಣ್ಣ, ತುಂಬಿದ ಬಾಯಲ್ಲಿ. ಅದೂ ನಿಜವೇ. ನೀಲಮ್ಮನಿಗೆ ಅಳುವೇ ಬಂದಂತಾಯಿತು. ಇಷ್ಟು ದೂರ ಬಂದು, ಸುಳ್ಳು ಹೇಳಿ, ಬುತ್ತಿಯನ್ನೂ ಬಿಟ್ಟು ಬಂದದ್ದಾಯಿತು. ಈ ಹಾಳು ಕೈಯನ್ನು ಮಾತ್ರ ಮನೆಯಲ್ಲಿ ಬಿಟ್ಟು ಬರಲಾಗಲಿಲ್ಲ. ಗಂಡನ ಮೇಲಿನ ಸಿಟ್ಟಿಗಿಂತ ಕೈಯ ಮೇಲಿನ ಸಿಟ್ಟೇ ಹೆಚ್ಚಾಯಿತು.

ಹೊರಗಿನ ಊಟಕ್ಕೆ ಹೆದರುವ ತಿಪ್ಪಣ್ಣ ಅಷ್ಟರಲ್ಲಿ ಅರ್ಧ ತಾಟು ಖಾಲಿ ಮಾಡಿದ್ದ. "ಭಾಳ ಛಲೋ ಐತಿ ನೋಡು! ಇದನ್ನ ನೀ ಮನ್ಯಾಗ ಮಾಡಬಹುದು. ಕಾಳು ಸಿಗತಾವು, ಬಾಳಿಹಣ್ಣು ಸಿಗತಾವು. ಹೆಂಗ ಮಾಡ್ತಾರಂತ ಆ ಹುಡುಗಿನ್ನ ಕೇಳ್ಕೊ. ಮುಂದಿನ ಸಲ ಬುತ್ತಿಗೂ ಆಗತೈತಿ."

ಅಂದರೆ ಅವಳಿಗೆ ಸಿಗಬೇಕಿದ್ದ ಒಂದು ಊಟ ಹೋದದ್ದಲ್ಲದೆ, ಮಾಡಬೇಕಾದ ಅಡುಗೆ ಒಂದು ಹೆಚ್ಚಾಯಿತು.

ಉಳಿದೆರಡು ತಾಟು ಬಂದವು. ಒಂದು ಮೇಧಾಳಿಗೆ, ಇನ್ನೊಂದು ನೀಲಮ್ಮನಿಗೆ. ತಿಪ್ಪಣ್ಣನ ಬಾಳೆಹಣ್ಣು ಮುಗಿದಿತ್ತು. ಅವನ ಚಮಚ ಮನೆಯ ಸಲುಗೆಯಿಂದ ಹೆಂಡತಿಯ ತಾಟಿನತ್ತ ಹೊರಟಿತು. ನೀಲಮ್ಮನ ಕೈ ಮತ್ತೆ ಸರಿಸಲು ಎದ್ದಿತು. ಈ ಸಲ ಅವಳು ಅದನ್ನು ಬಿಡಲಿಲ್ಲ. ಎರಡೂ ಕೈಯಲ್ಲಿ ತಾಟನ್ನು ಗಟ್ಟಿಯಾಗಿ ಹಿಡಿದು ತನ್ನ ಕಡೆ ಎಳೆದುಕೊಂಡಳು.

"ಮುಟ್ಟಬ್ಯಾಡ್ರಿ."

"ಒಂದ ತುಂಡು..."

"ನಾ ಉಂಡಿಂದ ಉಳದರ ನೋಡೂಣು."

ತಿಪ್ಪಣ್ಣ ಇಂಗು ತಿಂದ ಮಂಗನಂತಾದ. ಮೇಧಾ ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದಳು. "ಬುತ್ತಿ ಮರೀದಿದ್ರ ಇದೆಲ್ಲ ಆಗತಿರಲಿಲ್ಲ," ಎಂದು ಅವನು ಗೊಣಗಿದ.

"ಮರ್ತಿಲ್ರಿ. ಫ್ರಿಜ್ಜಿನ್ಯಾಗ ಇಟ್ಟ ಬಂದೀನಿ."

ಅವನು ಚಮಚ ಕೆಳಗಿಟ್ಟ. ನೀಲಮ್ಮ ಅವನ ಮುಖ ನೋಡಲು ಹೋಗಲಿಲ್ಲ. ಅನ್ನ ಆರಿಬಿಟ್ಟೀತು ಎಂಬ ಹೆದರಿಕೆ. ಚಮಚದ ತುಂಬ ಅನ್ನ, ಕಾಳು, ಮೇಲೊಂದು ಬಾಳೆಹಣ್ಣಿನ ತುಂಡು ಇಟ್ಟು, ಊದದೆ ಹಾಗೇ ಬಾಯಿಗೆ ಹಾಕಿಕೊಂಡಳು. ನಾಲಿಗೆ ಚುರ್ರೆಂದಿತು. ಕಣ್ಣಿಂದ ನೀರು ಇಳಿಯಿತು. ಅವಳು ಒರೆಸಿಕೊಳ್ಳಲಿಲ್ಲ, ಅಗಿಯುವುದನ್ನೂ ನಿಲ್ಲಿಸಲಿಲ್ಲ.

ತಿಪ್ಪಣ್ಣ ಗಾಬರಿಯಾಗಿ ನೀರಿನ ಗ್ಲಾಸನ್ನು ಅವಳತ್ತ ಸರಿಸಿದ. "ಖಾರ ಹತ್ತಿತೇನ?"

"ಇಲ್ರಿ," ಎಂದಳು ನೀಲಮ್ಮ. "ಬಿಸಿ ಐತಿ."