ಕಾಕಾ ನೋಡದ ಕ್ಲೈಮ್ಯಾಕ್ಸ್

ನಾ ಹೇಳಿದ್ರ ನೀವು ನಂಬಂಗಿಲ್ಲ. ಖೂಬಾ ಪ್ಲಾಟ್ ಅನ್ನೋ ಓಣ್ಯಾಗ ನಮ್ಮ ಬಾಜೂಮನ್ಯಾಗಿದ್ದ ಕಾಕಾ ಒಂದು ಹಳೀ ಲಡಾಯಿ ಪಿಕ್ಚರಿನ ಸಲುವಾಗಿ ಇಡೀ ಓಣಿ ಕೂಡ ಜಗಳಾಡ್ತಿದ್ದ. "ಭಾಳ ಉದ್ದ ಅದ" ಅಂತ ಅದು ಬಂದಾಗ ಪೇಪರಿನವ್ರು ಬರದಿದ್ರಂತ. ಯಾರರ ಹಂಗ ಅಂದ್ರ ಸಾಕು, ಧೋತ್ರ ಏರಿಸಿ, "ಲಡಾಯಿ ಏನು ಊಟದ ಹೊತ್ತಿಗೆ ಮುಗೀತದೇನಲೇ?" ಅಂತಿದ್ದ. ಆ ದನಿಗೆ ನಮ್ಮ ಮಾಳಿಗಿ ಮ್ಯಾಲಿನ ಟಾಕಿ ನೀರು ಅಲ್ಲಾಡ್ತಿತ್ತು.

ಆದ್ರ ಕೊನೀ ಸೀನ್ ಅವನೇ ನೋಡಿರಲಿಲ್ಲ! ಹರೇದಾಗ ತನ್ನೂರು ಕಮಲಾಪುರದಿಂದ ಇಲ್ಲಿ ಟಾಕೀಜಿಗೆ ಬಂದು ನೋಡ್ತಿದ್ದ. ಪ್ರತೀ ಸಲ ಕ್ಲೈಮ್ಯಾಕ್ಸಿಗೆ ಮೊದ್ಲೇ ಊರಿನ ಕೊನೀ ಬಸ್ಸಿಗೆ ಓಡಬೇಕಾಗ್ತಿತ್ತು.

ಕಡೀಕ ನಾನೇ ನಮ್ಮ ಟಿವಿದಾಗ ಆ ಪಿಕ್ಚರ್ ಹಚ್ಚಿ ಕಾಕಾನ್ನ ಕೂಡಿಸ್ದೆ. ಫೌಜು ಗುಡ್ಡ ಏರ್ಲಾಕತ್ತಿತ್ತು, ಕಾಕಾ ಉಸಿರು ಬಿಗಿ ಹಿಡದಿದ್ದ. ಅಷ್ಟ್ರಾಗ ಅವ್ವ ಬಂದು ಟಿವಿ ಬಂದ್ ಮಾಡಿದ್ಲು: "ನಾಳೆ ನಿನಗ ಪರೀಕ್ಷಾ ಅದ, ಏಳಲೇ!"

ಕಾಕಾ ಎದ್ದು ಚಪ್ಪಲ್ ಮೆಟ್ಟಿದ. "ಇರ್ಲಿ ಬಿಡವ್ವಾ," ಅಂದ, "ನನಗೂ ಬಸ್ಸಿಗೆ ಹೊತ್ತಾತು."